ಗುರಾಣಿಗೆ ಹಾಕಿದ ಮಾತು

"ಇದು ನಿಮ್ಮಪ್ಪನ ಮನೆ ಪಾತ್ರೆ ಅಲ್ಲ ವರ್ಡೆಲ್! ಟ್ರೇ ಕೊಡು ಅಂದ್ರೆ ಕೊಡು!"

"ಕೊಡಲ್ಲ."

"ಏನಂದೆ?"

"ಕೊಡಲ್ಲ ಅಂದೆ ಮಿಸ್ ಕ್ಯಾಂಡಿಸ್. ಹೊಲಸಿದೆ. ಕೊಡಲ್ಲ."

ಗೋಡೆಯ ಕಿಂಡಿಯಲ್ಲಿ ಅವಳ ಮುಖ ಕೆಂಪಗೆ ಊದಿಕೊಂಡಿತ್ತು. ಈ ಕಡೆ ನಾನು. ಮೊಣಕೈವರೆಗೆ ರಬ್ಬರ್ ಗವಸು, ಎದೆಯಿಂದ ಪಾದದವರೆಗೆ ಪ್ಲಾಸ್ಟಿಕ್ ಮೇಲಂಗಿ, ಅದರೊಳಗೆ ಬೆವರು. ಆಸ್ಪತ್ರೆಯ ಆಪರೇಷನ್ ಕೋಣೆಗಳು ಎರಡನೇ ಮಹಡಿಯಲ್ಲಿ. ಅಲ್ಲಿ ರಕ್ತ ಹತ್ತಿದ ಸಲಕರಣೆಗಳೆಲ್ಲ ಕೆಳಗೆ ನೆಲಮಾಳಿಗೆಗೆ, ನಮ್ಮ ಹತ್ತಿರ ಬರುತ್ತವೆ. ನಾವು ತಿಕ್ಕಿ, ತೊಳೆದು, ಆವಿಯಲ್ಲಿ ಬೇಯಿಸಿ ಮೇಲಕ್ಕೆ ಕಳಿಸುತ್ತೇವೆ. ಹತ್ತೊಂಬತ್ತು ವರ್ಷದಿಂದ ನನ್ನ ಅನ್ನ ಅದು. ಕ್ಯಾಂಡಿಸ್ ಮೇಲಿನ ಕೋಣೆಗಳನ್ನು ನಡೆಸುವ ನರ್ಸ್. ಬಿಳಿಯಳು, ನಾನು ಹೆತ್ತ ಹಿರಿಮಗಳಿಗಿಂತ ಎರಡು ವರ್ಷ ಚಿಕ್ಕವಳು. ನಾನು ಅವಳನ್ನು ಮಿಸ್ ಅನ್ನಬೇಕು, ಅವಳು ನನ್ನನ್ನು ವರ್ಡೆಲ್ ಅನ್ನುತ್ತಾಳೆ. ಅಲಬಾಮಾದ ನಮ್ಮ ಊರಿನಲ್ಲಿ ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯ ಬಿದ್ದಿಲ್ಲ.

ನಾನು ಟ್ರೇಯಲ್ಲಿದ್ದ ಒಂದು ಸರಳನ್ನು ದೀಪಕ್ಕೆ ಹಿಡಿದೆ. ಮೂಳೆ ಕೊರೆಯುವ ಸರಳು ಅದು, ಒಳಗೆ ಟೊಳ್ಳು. ಹಿಂದಿನ ರೋಗಿಯ ಮೂಳೆಯ ಪುಡಿ, ಕೊಬ್ಬು, ಒಣಗಿದ ರಕ್ತ ಒಳಗೆ ಅಂಟಿಕೊಂಡು ಗಟ್ಟಿಯಾಗಿತ್ತು. ಈ ತುದಿಯಿಂದ ನೋಡಿದರೆ ಆ ತುದಿಯ ಬೆಳಕು ಕಾಣುತ್ತಿರಲಿಲ್ಲ.

"ನೀವೇ ನೋಡಿ. ಇನ್ನೊಂದು ಸಲ ನೆನೆಹಾಕಬೇಕು. ಬ್ರಷ್ ಆಡಿಸಬೇಕು."

"ಬ್ರಷ್ ಹಾಕು, ಬೇಡ ಅಂದೋರು ಯಾರು?"

ನನ್ನ ಪಕ್ಕದ ತೊಟ್ಟಿಯಿಂದ ಹೋಸಿಯಾ ತಲೆ ಎತ್ತಿದ. ಅರವತ್ತು ದಾಟಿದ ಮನುಷ್ಯ. ಅವನ ಬಾಯಿ ಸುಮ್ಮನಿರುವುದಿಲ್ಲ.

"ಯಾವ ಬ್ರಷ್ ಮಿಸ್ ಕ್ಯಾಂಡಿಸ್? ನಾನು ಡಾಲರ್ ಅಂಗಡೀಲಿ ತಂದಿದ್ದಾ? ಅದರ ಮೇಲೆ ಬಾತುಕೋಳಿ ಚಿತ್ರ ಇದೆ. ಮಕ್ಕಳು ಹಾಲು ಕುಡಿಯೋ ಕೊಳವೆ ತೊಳೆಯೋಕೆ ಅಂತ ಬರೆದಿದೆ. ಅರ್ಧಕ್ಕೇ ನಿಲ್ಲುತ್ತೆ ಅದು."

ಅವನು ತಮಾಷೆ ಮಾಡುತ್ತಿರಲಿಲ್ಲ. ಈ ಸರಳಿನ ಉದ್ದಕ್ಕೆ ತಕ್ಕ ಬ್ರಷ್ ಮುಗಿದು ಏಳು ವಾರವಾಗಿತ್ತು. ಕೇಳಿದಾಗಲೆಲ್ಲ ಬರುತ್ತದೆ ಅಂದರು. ನಾವು ನಮ್ಮ ಕೈಯಿಂದ ದುಡ್ಡು ಹಾಕಿ ಬ್ರಷ್ ತಂದುಕೊಂಡು ದೊಡ್ಡವರ ಮೂಳೆ ಕೊರೆಯುವ ಸಲಕರಣೆಯನ್ನು ಮಕ್ಕಳ ಬ್ರಷ್‌ನಿಂದ ತಿಕ್ಕುತ್ತಿದ್ದೆವು.

"ಆವಿಗೆ ಇಟ್ರೆ ಆಯ್ತು," ಎಂದಳು ಕ್ಯಾಂಡಿಸ್. "ಟ್ರೇಗೆ ಅಂಟಿಸಿದ ಪಟ್ಟಿ ಕಪ್ಪಾಗುತ್ತಲ್ಲ."

"ಪಟ್ಟಿ ಕಪ್ಪಾದ್ರೆ ಬಿಸಿ ತಗಲಿದೆ ಅಂತ, ಅಷ್ಟೇ. ಒಳಗಿರೋ ಹೊಲಸು ಹೋಗಿದೆ ಅಂತಲ್ಲ. ನಿಮಗೆ ಗೊತ್ತಿರೋದೇ ಅಲ್ವಾ ಇದು?"

"ನನಗೆ ಪಾಠ ಹೇಳಬೇಡ."

ಅವತ್ತು ಶುಕ್ರವಾರ, ಮಾರ್ಚ್ ತಿಂಗಳು. ಒಂದೇ ದಿನ ಐದು ಮೊಣಕಾಲಿನ ಆಪರೇಷನ್ ಇಟ್ಟುಕೊಂಡಿದ್ದರು. ಮೊಣಕಾಲಿನ ಟ್ರೇ ಇದ್ದದ್ದು ಎರಡು. ಒಂದನ್ನು ಸರಿಯಾಗಿ ತೊಳೆದು, ಬೇಯಿಸಿ, ಒಣಗಿಸಿ, ಆರಿಸಲು ಮೂರೂವರೆ ಗಂಟೆ ಬೇಕು. ನಮ್ಮ ಮೊಮ್ಮಕ್ಕಳನ್ನು ಕೇಳಿದರೂ ಈ ಲೆಕ್ಕ ಕೂಡುವುದಿಲ್ಲ ಅಂತ ಹೇಳುತ್ತವೆ. ಮೇಲಿದ್ದವರಿಗೆ ಕೂಡಿತ್ತು. ಮೇಲೆ ಒಂದು ಚಿಕ್ಕ ಆವಿಪೆಟ್ಟಿಗೆ ಇದೆ. ಬಟ್ಟೆ ಸುತ್ತದೆ, ಒಣಗಿಸದೆ, ನಾಲ್ಕೇ ನಿಮಿಷ. ತುರ್ತಿಗೆ ಅಂತ ಇಟ್ಟದ್ದು. ಅವರಿಗೆ ಪ್ರತಿ ಶುಕ್ರವಾರವೂ ತುರ್ತು.

"ಯಾರಿಗೆ ಈ ಟ್ರೇ?" ಎಂದೆ.

"ಮೂರನೇ ಕೋಣೆ. ಟೇಟ್."

ನನ್ನ ಕೈಯಲ್ಲಿದ್ದ ಸರಳು ತೊಟ್ಟಿಯ ಅಂಚಿಗೆ ಬಡಿಯಿತು.

"ಲಾಂಜೊ ಟೇಟ್? ಅವರದು ಬೆಳಿಗ್ಗೆ ಏಳಕ್ಕೇ ಅಲ್ವಾ ಇದ್ದಿದ್ದು? ಮೊದಲನೆಯದು?"

"ಹಿಂದಕ್ಕೆ ಹೋಯ್ತು. ಆಸ್ಪತ್ರೆ ಮಂಡಳಿಯ ಅಧ್ಯಕ್ಷರ ಅಳಿಯ ಬಂದಿದ್ರು."

ಬೆಳಗಿನ ಜಾವ ಐದಕ್ಕೆ ಗಾಡಿ ನಿಲ್ಲಿಸುವ ಜಾಗದಲ್ಲಿ ನಾನು ಲಾಂಜೊನ ಕೈ ಹಿಡಿದುಕೊಂಡಿದ್ದೆ. ಅವನು ನನ್ನ ಗೆಳತಿ ಒಜೆಲಾಳ ಗಂಡ. ಒಜೆಲಾ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಲಾಂಜೊ ಮೂವತ್ತೊಂದು ವರ್ಷ ಕೋಳಿ ಕಾರ್ಖಾನೆಯಲ್ಲಿ ಒದ್ದೆ ಸಿಮೆಂಟಿನ ಮೇಲೆ ನಿಂತು ಕೋಳಿಯ ಕಾಲು ಕತ್ತರಿಸಿದವನು. ಅವನ ಮೊಣಕಾಲು ಸವೆದು ಹೋಗಿತ್ತು. "ವರ್ಡಿ, ಅಷ್ಟು ಕಾಲು ಕತ್ತರಿಸಿದೀನಿ, ಇವತ್ತು ಕೋಳಿಗಳ ಸರದಿ," ಅಂತ ನಕ್ಕಿದ್ದ. ಒಜೆಲಾ ನಗಲಿಲ್ಲ. ನಾನು ಅವಳಿಗೆ ಹೇಳಿದೆ: "ಹೆದರಬೇಡ ಕಣೇ. ನಾನಿದೀನಿ. ಇವನ ಟ್ರೇ ನಾನೇ ನನ್ನ ಕೈಯಾರೆ ತೊಳೆದಿಟ್ಟಿದೀನಿ."

ತೊಳೆದಿಟ್ಟಿದ್ದೆ. ಗುರುವಾರ ಸಂಜೆ, ಕೆಲಸ ಮುಗಿದ ಮೇಲೂ ನಿಂತು, ನಮ್ಮಲ್ಲಿ ಸವೆಯದೆ ಉಳಿದಿದ್ದ ಸರಳುಗಳನ್ನೇ ಆರಿಸಿ, ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ ಕಟ್ಟಿಟ್ಟಿದ್ದೆ. ಆ ಟ್ರೇ ಅಧ್ಯಕ್ಷರ ಅಳಿಯನಿಗೆ ಹೋಯಿತು.

"ಹಾಗಾದ್ರೆ ಖಂಡಿತ ಕೊಡಲ್ಲ," ಎಂದೆ. "ಮೂರೂವರೆ ಗಂಟೆ ಕಾಯಲಿ. ಇಲ್ಲಾ ಸೋಮವಾರ ಬರಲಿ."

ಕ್ಯಾಂಡಿಸ್ ಕಿಂಡಿಯೊಳಗೆ ಬಗ್ಗಿದಳು. ಈಗ ಕಿರುಚಲಿಲ್ಲ.

"ಕೇಳು. ಅವನಿಗೆ ಅರಿವಳಿಕೆ ಕೊಟ್ಟಾಗಿದೆ. ಕಾಲು ಸೀಳಿಯಾಗಿದೆ. ಡಾಕ್ಟರು ಗವಸು ಹಾಕಿದ ಕೈ ಎತ್ತಿಕೊಂಡು ಕಾಯ್ತಾ ನಿಂತಿದಾರೆ. ನೀನು ಇಲ್ಲಿ ನಿಂತು ವಾದ ಮಾಡಿದ ಒಂದೊಂದು ನಿಮಿಷಾನೂ ಅವನ ಮೂಳೆ ಗಾಳಿಗೆ ಬಿಚ್ಚಿಕೊಂಡಿದೆ. ಸಾಯಲಿ ಅಂತೀಯಾ?"

ಟ್ರೇ ಸಿದ್ಧವಾಗುವ ಮುಂಚೆಯೇ ಕಾಲು ಸೀಳಿದ್ದರು. ಸೀಳಿ ಆಮೇಲೆ ಕೆಳಗೆ ಬಂದಿದ್ದಳು.

ಹೋಸಿಯಾ ನನ್ನನ್ನು ನೋಡಿದ. ನಾನು ಬಾತುಕೋಳಿ ಚಿತ್ರದ ಬ್ರಷ್ ತೆಗೆದುಕೊಂಡೆ. ಈ ತುದಿಯಿಂದ ತಿಕ್ಕಿದೆ. ಆ ತುದಿಯಿಂದ ತಿಕ್ಕಿದೆ. ನೀರಿನ ಪಿಚಕಾರಿ ಹಾಕಿ ಹೊಡೆದೆ. ಭುಜ ಕಿತ್ತುಬರುವಷ್ಟು ತಿಕ್ಕಿದೆ. ಒಂದಿಷ್ಟು ಕಂದು ನೀರು ಬಂತು. ನಡುವಿನದು ಅಲ್ಲಾಡಲಿಲ್ಲ. "ಸಾಕು!" ಎಂದು ಕ್ಯಾಂಡಿಸ್ ಟ್ರೇ ಎಳೆದುಕೊಂಡಳು. ಆಮೇಲೆ ಪುಸ್ತಕ ತಳ್ಳಿದಳು.

ಟ್ರೇ ಪುಸ್ತಕ ಅಂತ ಒಂದಿದೆ. ಪ್ರತಿ ಟ್ರೇಗೂ ಒಂದು ಸಾಲು. ತೊಳೆದದ್ದು ಸರಿ, ಪರೀಕ್ಷೆ ಸರಿ, ಕಳಿಸಬಹುದು. ಕೊನೆಯಲ್ಲಿ ತೊಳೆದವರ ಸಹಿ. ಸಹಿ ಇಲ್ಲದ ಟ್ರೇಯನ್ನು ಮೇಲೆ ಬಿಚ್ಚುವ ಹಾಗಿಲ್ಲ.

"ನಾನು ಸಹಿ ಹಾಕಲ್ಲ. ಹಾಕೋದಾದ್ರೆ ಹೊಲಸಿದೆ ಅಂತ ಬರೆದು ಹಾಕ್ತೀನಿ."

"ಪುಸ್ತಕದಲ್ಲಿ ಬರೀಬೇಡ! ಎಷ್ಟು ಸಲ ಹೇಳಿಕೊಟ್ಟಿದಾರೆ? ನಿನ್ನ ದೂರು ಏನಿದ್ರೂ ಗುರಾಣಿಗೆ ಹಾಕು. ಇಲ್ಲಿ ಸಹಿ ಹಾಕು, ಅವನ ಜೀವ ಉಳಿಸು."

ಹಾಕಿದೆ. ವಿ. ಪಿ. ವರ್ಡೆಲ್ ಪಿಕೆನ್ಸ್. ಒದ್ದೆ ಗವಸಿನ ಬೆರಳಿನ ಗುರುತು ಆ ಸಾಲಿನ ಮೇಲೆ ಉಳಿಯಿತು.

ಗುರಾಣಿ ಅಂದರೆ ಏನು ಅಂತ ಹೇಳಬೇಕು. ಅದಕ್ಕೂ ಎರಡು ವರ್ಷ ಹಿಂದೆ ಆಸ್ಪತ್ರೆಯ ವಕೀಲರು, ಗ್ರಾಂಥಮ್ ಅಂತ, ನಮ್ಮ ನೆಲಮಾಳಿಗೆಗೆ ಇಳಿದು ಬಂದಿದ್ದರು. ಅಂಥ ಕೋಟು ನಮ್ಮ ನೆಲಮಾಳಿಗೆಗೆ ಬಂದದ್ದು ಅದೇ ಮೊದಲು. ಎರಡು ಡಬ್ಬ ಡೋನಟ್ ತಂದಿದ್ದರು. ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: ಆಸ್ಪತ್ರೆಯಲ್ಲಿ ತಪ್ಪು ಆಗುತ್ತವೆ. ತಪ್ಪು ಹೇಳಿದವನಿಗೆ ಶಿಕ್ಷೆ ಕೊಟ್ಟರೆ ಯಾರೂ ಹೇಳುವುದಿಲ್ಲ, ರೋಗಿಗಳು ಸಾಯುತ್ತಾರೆ. ಅದಕ್ಕೇ ದೇಶದ ಸರ್ಕಾರ ಒಂದು ಕಾನೂನು ಮಾಡಿದೆ. ಕಂಪ್ಯೂಟರಿನಲ್ಲಿ ಗುರಾಣಿಯ ಚಿತ್ರ ಒತ್ತಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಅದು ಗುಟ್ಟಾಗಿ ಹೊರಗಿನ ಒಂದು ಸಂಸ್ಥೆಗೆ ಹೋಗುತ್ತದೆ, ಅವರು ಓದಿ ಕಲಿಯುತ್ತಾರೆ. ನೀವು ಬರೆದದ್ದನ್ನು ಕೋರ್ಟು ಕೇಳುವ ಹಾಗಿಲ್ಲ. ಬರೆದದ್ದಕ್ಕೆ ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. "ಕಾನೂನೇ ನಿಮಗೆ ಗುರಾಣಿ. ಬೇರೆ ಎಲ್ಲೂ ಬರೀಬೇಡಿ. ಬೇರೆ ಕಡೆ ಬರೆದರೆ ಗುರಾಣಿ ಇರಲ್ಲ."

ನಾನು ನಂಬಿದೆ. ಯಾಕೆ ನಂಬಬಾರದು? ಅಷ್ಟು ವರ್ಷದಲ್ಲಿ ನಮ್ಮ ಮಾತು ಬೇಕು ಅಂದ ಮೊದಲ ಮನುಷ್ಯ ಅವರು. ಹೋಸಿಯಾ ಮಾತ್ರ ಡೋನಟ್ ಅಗಿಯುತ್ತ ಕೇಳಿದ: "ಸರ್, ಗುರಾಣಿ ಹಿಡಿದುಕೊಂಡಿರೋದು ಯಾರ ಕೈ?" ಗ್ರಾಂಥಮ್ ನಕ್ಕರು. ಡಬ್ಬವನ್ನು ಅವನ ಕಡೆಗೆ ಸರಿಸಿದರು.

ಬ್ರಷ್ ಇಲ್ಲ ಅಂತ ಜನವರಿ ಕೊನೆಯಿಂದ ಮೂರು ಸಲ ಗುರಾಣಿಗೆ ಹಾಕಿದ್ದೆ. ಆ ಶುಕ್ರವಾರ ಊಟದ ಹೊತ್ತಿನಲ್ಲಿ ನಾಲ್ಕನೆಯದು ಹಾಕಿದೆ. ತಂದಿದ್ದ ಮೆಕ್ಕೆಜೋಳದ ರೊಟ್ಟಿ ಕಾಗದದಲ್ಲೇ ಉಳಿಯಿತು. ಎರಡು ಬೆರಳಿನಲ್ಲಿ ಒತ್ತಿ ಒತ್ತಿ ಬರೆದೆ. ಮೊಣಕಾಲಿನ ಟ್ರೇ, ಟೊಳ್ಳು ಸರಳು, ಒಳಗೆ ಮೂಳೆ ಇತ್ತು, ನಾನು ತಡೆದೆ, ಕಾಲು ಸೀಳಿ ಆಗಿತ್ತು, ತೆಗೆದುಕೊಂಡು ಹೋದರು, ಬಲವಂತಕ್ಕೆ ಸಹಿ ಹಾಕಿದೆ, ರೋಗಿಯನ್ನು ನೋಡಿಕೊಳ್ಳಿ, ಈಗಲೇ ಔಷಧಿ ಕೊಡಿ. ಪರದೆಯ ಮೇಲೆ ಬಂತು: ಧನ್ಯವಾದ, ನಿಮ್ಮ ಮಾತಿಗೆ ಕಾನೂನಿನ ರಕ್ಷಣೆಯಿದೆ.

ಒಂಬತ್ತನೇ ದಿನ ಲಾಂಜೊಗೆ ಜ್ವರ ಬಂತು. ಹನ್ನೊಂದನೇ ದಿನ ಹೊಲಿಗೆಯಿಂದ ಕೀವು. ಮೂರು ಸಲ ಮತ್ತೆ ಕಾಲು ಬಿಚ್ಚಿ ತೊಳೆದರು. ನಾಲ್ಕನೇ ವಾರದಲ್ಲಿ ತೊಡೆಯ ಮಧ್ಯದಿಂದ ಕತ್ತರಿಸಿದರು. ಆ ಗರಗಸವನ್ನೂ ನಾನೇ ತೊಳೆದೆ. ಅದಕ್ಕೆ ಹತ್ತಿದ ರಕ್ತ ಯಾರದು ಅಂತ ನನಗೆ ಗೊತ್ತಿತ್ತು.

ಕೀವು ಬಂದ ದಿನ ಮೇಲಿನ ವಾರ್ಡಿನಲ್ಲಿ ಒಬ್ಬ ನರ್ಸ್ ಒಜೆಲಾಳನ್ನು ಕೇಳಿದಳಂತೆ: ಮನೆಯಲ್ಲಿ ನಾಯಿ ಇದೆಯಾ? ಪಟ್ಟಿ ಬದಲಿಸುವವರು ಯಾರು? ಮುಟ್ಟುವ ಮುಂಚೆ ಕೈ ತೊಳೆಯುತ್ತೀಯಾ? ಸೋಪು ಹಾಕುತ್ತೀಯಾ? ಡಾಕ್ಟರು ಬಂದು, ಇವರಂಥ ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಹೀಗಾಗುತ್ತದೆ, ಸ್ವಚ್ಛತೆ ಸಾಲದು, ಅಂದರಂತೆ. ಅದನ್ನು ಕಡತದಲ್ಲೂ ಬರೆದರು. ಆ ಕಡತ ಕೋರ್ಟು ನೋಡಬಹುದಾದ ಕಡತ.

ಒಜೆಲಾಳಿಗೆ ಸ್ವಚ್ಛತೆಯ ಪಾಠ! ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವ ಹೆಂಗಸರಲ್ಲಿ ಅವಳು ಮುಂದಿನವಳು. ಭಾನುವಾರ ಬೆಳಿಗ್ಗೆ ಬಿಳಿ ಉಡುಪು, ಬಿಳಿ ಕೈಗವಸು. ಆ ಗವಸಿನಲ್ಲಿ ಒಂದು ಚುಕ್ಕೆ ಕಂಡವರಿಲ್ಲ. ಅವಳ ಅಡುಗೆಮನೆಯ ನೆಲದ ಮೇಲೆ ಮಗುವನ್ನು ಹೆರಬಹುದು.

ಅವಳು ಬ್ಲೀಚ್‌ನಲ್ಲಿ ಕೈ ಅದ್ದಲು ಶುರುಮಾಡಿದಳು. ಬಟ್ಟೆಗೆ ಹಾಕುವ ಬ್ಲೀಚ್, ನೀರು ಬೆರೆಸದೆ. ದಿನಕ್ಕೆ ಆರು ಸಲ, ಹತ್ತು ಸಲ. ಚರ್ಮ ಬಿರಿಯಿತು. ಬಿರಿದದ್ದನ್ನು ಮುಚ್ಚಲು ಗವಸು ಹಾಕಿದಳು. ಭಾನುವಾರದ ಗವಸು ಏಳೂ ದಿನದ ಗವಸಾಯಿತು. ನಾಯಿಯನ್ನು ಯಾರಿಗೋ ಕೊಟ್ಟಳು. ಏಳನೇ ವಾರದಲ್ಲಿ ಲಾಂಜೊನ ರಕ್ತಕ್ಕೆ ನಂಜು ಏರಿತು. ಮಂಗಳವಾರ ಮಧ್ಯಾಹ್ನ ಸತ್ತ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಊಟದ ಮನೆಯಲ್ಲಿ ನಾನೇ ಬಡಿಸಿದೆ. ಹುರಿದ ಮೀನು, ಕಾಲರ್ಡ್ ಸೊಪ್ಪು. ಒಜೆಲಾ ತಟ್ಟೆ ಮುಟ್ಟಲಿಲ್ಲ. ಬೇರೆಯವರ ತಟ್ಟೆಯನ್ನೂ ಮುಟ್ಟಲಿಲ್ಲ. ನನ್ನ ಕಿವಿಯಲ್ಲಿ ಹೇಳಿದಳು: "ನಾನು ತೊಳೆದೆ ವರ್ಡಿ. ಪ್ರತಿ ಸಲಾನೂ ತೊಳೆದೆ. ಒಂದು ಸಲ ಮರೆತೆನೇನೋ. ಒಂದು ಸಲ ಮರೆತಿರಬೇಕು, ಅಲ್ವಾ? ಇಲ್ದಿದ್ರೆ ಹೆಂಗಾಗುತ್ತೆ?"

ನಾನು ಏನಂದೆ?

"ತಿನ್ನು ಕಣೇ," ಅಂದೆ.

ಇಷ್ಟೇ ಅಂದೆ. ಯಾಕೆ ಅಂತ ನೀವು ಕೇಳುತ್ತೀರಿ. ಕೇಳಿ. ಕಾಲು ಕತ್ತರಿಸಿದ ವಾರ ಗ್ರಾಂಥಮ್ ನನ್ನನ್ನು ಮೇಲಕ್ಕೆ ಕರೆಸಿದ್ದರು. ಮೆತ್ತನೆ ಕುರ್ಚಿ. ತಣ್ಣನೆ ಸಿಹಿ ಚಹಾ.

"ವರ್ಡೆಲ್, ನೀವು ಬಹಳ ಜವಾಬ್ದಾರಿಯವರು. ನೀವು ಗುರಾಣಿಗೆ ಹಾಕಿದ್ದು ಏನೇ ಇರಲಿ, ಅದು ಒಳಗಿನದು. ಅದರ ಬಗ್ಗೆ ಹೊರಗೆ ಮಾತಾಡೋದು ಕಾನೂನಿಗೆ ವಿರುದ್ಧ. ದಂಡ ಇದೆ. ಕೆಲಸದ ಪ್ರಶ್ನೆ ಬೇರೆ."

"ಸರ್, ನಾನು ಬರೆದದ್ದರ ಒಂದು ಪ್ರತಿ ನನಗೆ ಕೊಡಿ."

"ಅದು ನಿಮ್ಮದಲ್ಲ."

"ನನ್ನ ಕೈಯಿಂದ ಬರೆದದ್ದು."

"ಒಳಗೆ ಹೋದ ಮೇಲೆ ಅದು ಸಂಸ್ಥೆಯದು ವರ್ಡೆಲ್. ನೀವೂ ನೋಡೋ ಹಾಗಿಲ್ಲ."

ನನ್ನ ಗಂಡನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಅವನ ರಕ್ತ ಸೋಸುವುದು ನನ್ನ ಕೆಲಸದ ವಿಮೆಯಿಂದ. ಕೆಲಸ ಹೋದರೆ ಅವನು ಎರಡು ವಾರ ಬದುಕುತ್ತಾನೆ. ಇದು ಅರ್ಧ ಕಾರಣ. ಇನ್ನರ್ಧ ನನ್ನ ಸಹಿ. ಪುಸ್ತಕದಲ್ಲಿ ಆ ಎರಡು ಅಕ್ಷರ, ಮೇಲೆ ಒದ್ದೆ ಬೆರಳಿನ ಗುರುತು. ಒಜೆಲಾಳ ಮನೆಯ ಮೆಟ್ಟಿಲವರೆಗೆ ಎಷ್ಟೋ ಸಲ ಹೋಗಿ ಬಂದೆ.

ಕಾಲು ಕತ್ತರಿಸಿ ಹತ್ತು ದಿನಕ್ಕೆ ನೆಲಮಾಳಿಗೆಗೆ ಒಂದು ದೊಡ್ಡ ಪೆಟ್ಟಿಗೆ ಬಂತು. ಒಳಗೆ ಬ್ರಷ್. ಉದ್ದನೆಯವು, ಸರಳಿಗೆ ತಕ್ಕವು, ಇನ್ನೂರು. ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ಹೋಸಿಯಾ ಒಂದನ್ನು ಟೊಳ್ಳು ಸರಳಿನೊಳಗೆ ಆ ತುದಿಯವರೆಗೆ ತೂರಿಸಿದ.

"ಹಾಗಾದ್ರೆ ಓದಿದಾರೆ," ಎಂದ. "ಓದಿದಾರೆ ಕಣಮ್ಮಾ. ಓದೋದೇ ಇಲ್ಲ ಅಂದುಕೊಂಡಿದ್ದೆ. ಅದಾಗಿದ್ರೇ ಚೆನ್ನಾಗಿತ್ತು."

ಒಜೆಲಾ ಕೇಸು ಹಾಕಿದಳು. ದುಡ್ಡಿಗಲ್ಲ. ಅವಳ ವಕೀಲೆ ಟಿಸ್‌ಡೇಲ್, ಮಾಂಟ್‌ಗಮರಿಯಿಂದ ಬಂದ ನಮ್ಮ ಕರಿಯ ಜನದ ಹುಡುಗಿ, ನೀವು ಏನು ಕೇಳುತ್ತೀರಿ ಅಂದಾಗ ಒಜೆಲಾ ಅಂದಳಂತೆ: "ನನ್ನ ಕೈಯಿಂದ ಆಯ್ತಾ ಇಲ್ಲವಾ, ಅದನ್ನ ಯಾರಾದರೂ ಬಾಯಿಬಿಟ್ಟು ಹೇಳಲಿ. ಆಯ್ತು ಅಂದ್ರೂ ಸರಿ."

ಟಿಸ್‌ಡೇಲ್ ಗುರಾಣಿಯೊಳಗಿನ ಕಾಗದ ಕೇಳಿದಳು. ಮರುವರ್ಷ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಹೇಳಿದರು: ಅಂಥ ಕಾಗದ ಇದ್ದರೂ ಕೊಡಬೇಕಾಗಿಲ್ಲ, ಕಾನೂನಿನ ರಕ್ಷಣೆ ಇದೆ. ಟ್ರೇ ಪುಸ್ತಕ ಕೇಳಿದಳು. ಅದನ್ನು ಅರ್ಧ ದಿನದಲ್ಲಿ ಕೊಟ್ಟರು.

ಮೇ ತಿಂಗಳಲ್ಲಿ ನನ್ನನ್ನು ಸಾಕ್ಷಿಗೆ ಕರೆದರು. ಕೋರ್ಟಿಗಲ್ಲ. ವಕೀಲರ ಕಚೇರಿಯ ಒಂದು ಕೋಣೆಗೆ. ಉದ್ದನೆ ಮೇಜು, ಪ್ರಮಾಣ ಮಾಡಿಸಿ ಮಾತನ್ನೆಲ್ಲ ಬೆರಳಚ್ಚು ಮಾಡಿಕೊಳ್ಳುವ ಒಬ್ಬ ಹೆಂಗಸು. ಲಾಂಜೊನ ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಗಿತ್ತು. ಹಿಂದಿನ ದಿನ ಗ್ರಾಂಥಮ್ ನನಗೆ ಹೇಳಿದ್ದರು: "ನೆನಪಿಲ್ಲದ್ದನ್ನ ನೆನಪಿದೆ ಅನ್ನಬೇಡಿ. ಹದಿನಾಲ್ಕು ತಿಂಗಳು. ನೂರಾರು ಟ್ರೇ. ಯಾರಿಗೆ ತಾನೇ ನೆನಪಿರುತ್ತೆ? ಗುರಾಣಿ ಅನ್ನೋ ಮಾತು ಬಂದರೆ ನಾನು ಬೇಡ ಅಂತೀನಿ, ನೀವು ಬಾಯಿ ಮುಚ್ಚಿ."

ಒಜೆಲಾ ನನ್ನ ಎದುರಿಗೆ ಕೂತಿದ್ದಳು. ಬಿಳಿ ಗವಸು ಮೇಜಿನ ಮೇಲೆ, ಒಂದರ ಮೇಲೊಂದು. ನನ್ನನ್ನು ನೋಡಿ ಸಣ್ಣಗೆ ತಲೆ ಆಡಿಸಿದಳು. ನನಗೆ ಧೈರ್ಯ ಹೇಳುವ ಹಾಗೆ.

"ಮಿಸೆಸ್ ಪಿಕೆನ್ಸ್," ಎಂದಳು ಟಿಸ್‌ಡೇಲ್. ಆ ಆಸ್ಪತ್ರೆಯ ಯಾವ ಕೋಣೆಯಲ್ಲೂ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. "ಲಾಂಜೊ ಟೇಟ್ ಅವರಿಗೆ ಬಳಸಿದ ಟ್ರೇ ಸ್ವಚ್ಛ ಇತ್ತಾ?"

ಗ್ರಾಂಥಮ್ ಗಂಟಲು ಸರಿಮಾಡಿಕೊಂಡರು. "ನೆನಪಿದ್ದರೆ ಮಾತ್ರ."

ನಾನು ಆ ಗವಸುಗಳನ್ನು ನೋಡಿದೆ.

"ಇರಲಿಲ್ಲ," ಎಂದೆ.

ಗ್ರಾಂಥಮ್ ನನ್ನ ತೋಳು ಮುಟ್ಟಿದರು. ನಾನು ತೋಳು ಎಳೆದುಕೊಂಡೆ.

"ಮುಟ್ಟಬೇಡಿ. ನೆನಪಿದೆ. ಹೇಳ್ತೀನಿ. ಹೊಲಸಿತ್ತು. ಸರಳಿನೊಳಗೆ ಬೇರೆಯವರ ಮೂಳೆ ಇತ್ತು. ಬ್ರಷ್ ಇರಲಿಲ್ಲ, ಮಕ್ಕಳ ಬ್ರಷ್ ಹಾಕಿ ತಿಕ್ಕಿದೆ. ಹೋಗಲಿಲ್ಲ. ಕೊಡಲ್ಲ ಅಂದೆ. ಕಾಲು ಸೀಳಿಟ್ಟು ಬಂದು ಕೇಳಿದ್ರು. ಎಳೆದುಕೊಂಡು ಹೋದ್ರು. ನಾಲ್ಕು ನಿಮಿಷ ಆವಿಗೆ ಇಟ್ಟು ಅವನ ಮೂಳೆಗೆ ಹಾಕಿದ್ರು. ಒಜೆಲಾ, ನಿನ್ನ ಕೈಯಿಂದ ಅಲ್ಲ. ಕೇಳಿಸ್ತಾ? ನಿನ್ನ ಕೈಯಿಂದ ಅಲ್ಲ ಕಣೇ!"

ಬೆರಳಚ್ಚಿನ ಹೆಂಗಸಿನ ಬೆರಳು ಟಕಟಕ ಓಡಿತು. ಒಜೆಲಾ ಅಲ್ಲಾಡಲಿಲ್ಲ. ನನ್ನ ಎದೆ ಹಗುರಾಯಿತು. ನಿಜ ಹೇಳುತ್ತೇನೆ, ಎರಡು ನಿಮಿಷ ಹಗುರಾಗಿತ್ತು.

ಗ್ರಾಂಥಮ್ ಸಿಟ್ಟಾಗಲಿಲ್ಲ. ತಮ್ಮ ಸರದಿ ಬಂದಾಗ ಟ್ರೇ ಪುಸ್ತಕ ತೆರೆದು ನನ್ನ ಮುಂದೆ ಇಟ್ಟರು.

"ಈ ಸಹಿ ಯಾರದು?"

"ನನ್ನದು."

"ಆ ಸಾಲು ಓದಿ."

"ತೊಳೆದದ್ದು ಸರಿ. ಪರೀಕ್ಷೆ ಸರಿ. ಕಳಿಸಬಹುದು."

"ಹೊಲಸಿದೆ ಅಂತ ಎಲ್ಲಾದರೂ ಬರೆದಿದೆಯಾ ಇಲ್ಲಿ?"

"ಇಲ್ಲ."

"ಈ ಪುಟದಲ್ಲಿ? ಈ ಇಡೀ ಪುಸ್ತಕದಲ್ಲಿ?"

"ಇಲ್ಲ."

"ಹಾಗಾದರೆ ಅವತ್ತು ಸುಳ್ಳು ಬರೆದ್ರಾ, ಇವತ್ತು ಸುಳ್ಳು ಹೇಳ್ತಿದೀರಾ?"

"ನಾನು ಬೇರೆ ಕಡೆ ಬರೆದೆ! ನೀವೇ ಹೇಳಿಕೊಟ್ಟಿರಿ ಬೇರೆ ಕಡೆ ಬರೀರಿ ಅಂತ! ಡೋನಟ್ ತಂದು ಕೂರಿಸಿ ಹೇಳಿದ್ರಿ! ಆ ಕಾಗದ ತೆಗೀರಿ. ಗುರಾಣಿ ತೆಗೀರಿ. ಅದರಲ್ಲಿ ಎಲ್ಲಾ ಇದೆ. ದಿನ ಇದೆ, ಗಂಟೆ ಇದೆ."

"ಆಕ್ಷೇಪಣೆ," ಎಂದರು ಗ್ರಾಂಥಮ್, ಮೆಲ್ಲಗೆ. "ರಕ್ಷಣೆಯಲ್ಲಿರೋ ವಿಷಯ. ಅಂಥ ಕಾಗದ ಇದೆ ಅಂತಲೂ ನಾನು ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ನ್ಯಾಯಾಧೀಶರು ಆಗಲೇ ತೀರ್ಮಾನ ಕೊಟ್ಟಿದಾರೆ."

"ನಾನೇ ಬರೆದದ್ದು, ನನಗೆ ಬೇಡ ಈ ರಕ್ಷಣೆ! ಬಿಟ್ಟುಕೊಡ್ತೀನಿ. ತಗೊಳ್ಳಿ ವಾಪಸ್!"

"ಬಿಟ್ಟುಕೊಡೋಕೆ ಅದು ನಿಮ್ಮದಲ್ಲ."

ನಾನು ಟಿಸ್‌ಡೇಲ್‌ಳ ಮುಖ ನೋಡಿದೆ. ಅವಳು ತನ್ನ ಪೆನ್ನು ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು. ಪುಸ್ತಕದ ಎರಡು ಅಕ್ಷರದ ಎದುರಿಗೆ ನನ್ನ ಬಾಯಿಮಾತು. ಮಾತು ನೆಲಮಾಳಿಗೆಯವಳದು. ಅಕ್ಷರವೂ ಅವಳದೇ.

ಆಗ ಒಜೆಲಾ ಬಾಯಿ ತೆರೆದಳು.

"ಯಾವತ್ತು ಬರೆದೆ ವರ್ಡಿ?"

"ಮಿಸೆಸ್ ಟೇಟ್ ಇಲ್ಲಿ ಪ್ರಶ್ನೆ ಕೇಳೋ ಹಾಗಿಲ್ಲ," ಎಂದರು ಗ್ರಾಂಥಮ್. ಬೆರಳಚ್ಚಿನ ಹೆಂಗಸು ಕೈ ಎತ್ತಿ ಹಿಡಿದಳು, ಇದನ್ನು ಬರೆದುಕೊಳ್ಳಬೇಕೋ ಬೇಡವೋ ಗೊತ್ತಾಗದೆ.

"ಅವತ್ತೇ," ಎಂದೆ. "ಅವತ್ತೇ ಮಧ್ಯಾಹ್ನ. ಅದಕ್ಕೂ ಮುಂಚೆ ಮೂರು ಸಲ."

"ಮುಂಚೆ ಅಂದ್ರೆ?"

"ಜನವರಿಯಿಂದ. ಬ್ರಷ್ ಇಲ್ಲ ಅಂತ."

"ಲಾಂಜೊ ಹೋಗಿದ್ದು ಮಾರ್ಚಲ್ಲಿ."

"ಹೌದು."

"ಗಾಡಿ ಹತ್ರ ನಿಂತು ಹೆದರಬೇಡ ಅಂದೆ. ನಾನಿದೀನಿ ಅಂದೆ."

"ಅವನ ಟ್ರೇ ನಾನೇ ತೊಳೆದಿದ್ದೆ ಒಜೆಲಾ, ಅದನ್ನ ಬೇರೆಯವರಿಗೆ—"

"ಗೊತ್ತಿತ್ತು ನಿನಗೆ."

ಅವಳು ಬಲಗೈಯ ಗವಸು ತೆಗೆದಳು. ಹದಿನಾಲ್ಕು ತಿಂಗಳಲ್ಲಿ ನಾನು ಆ ಕೈ ನೋಡಿರಲಿಲ್ಲ. ಚರ್ಮ ಬೂದಿಯ ಹಾಗೆ ಬೆಳ್ಳಗೆ, ಗಿಣ್ಣುಗಳಲ್ಲಿ ಕೆಂಪು ಸೀಳು. ಎರಡು ಬೆರಳಿನ ಉಗುರು ಇರಲಿಲ್ಲ. ಮೇಜಿನ ಮೇಲೆ ನನ್ನ ಕಡೆಗೆ ಚಾಚಿದಳು. ಟ್ರೇ ಪುಸ್ತಕದ ಪಕ್ಕಕ್ಕೆ.

"ಮಣ್ಣು ಮಾಡಿದ ದಿನ ನಿನ್ನ ಕಿವಿಯಲ್ಲಿ ಕೇಳಿದೆ. ಒಂದು ಸಲ ಮರೆತೆನೇನೋ ಅಂದೆ. ತಿನ್ನು ಅಂದೆ ನೀನು. ಮೀನು ಬಡಿಸಿದೆ."

"ನನ್ನ ಗಂಡ... ವಿಮೆ ಹೋಗಿದ್ರೆ..."

"ನಿನ್ನ ಗಂಡ ಇದಾನೆ," ಎಂದಳು. ಕೂಗಲಿಲ್ಲ. ಕೂಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಈಗ ಹೇಳಿದೆನಲ್ಲ ಒಜೆಲಾ. ಎಲ್ಲರ ಮುಂದೆ ಹೇಳಿದೆ. ನಿನ್ನ ತಪ್ಪಲ್ಲ. ನಂಬು."

"ಯಾರನ್ನ ನಂಬಲಿ? ಈ ಬಾಯಿನಾ, ಆ ಸಹಿನಾ?"

ಗವಸನ್ನು ಮತ್ತೆ ಹಾಕಿಕೊಂಡಳು. ಒಂದೊಂದೇ ಬೆರಳು. ಉಗುರಿಲ್ಲದ ಬೆರಳುಗಳಿಗೆ ಹೊತ್ತು ಹಿಡಿಯಿತು. ನಾವು ನಾಲ್ಕು ಜನ ನೋಡುತ್ತ ಕೂತೆವು. ಆಮೇಲೆ ಕೈಚೀಲ ತೆಗೆದುಕೊಂಡು ಎದ್ದಳು. ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿಟ್ಟಳು, ಚರ್ಚಿನಲ್ಲಿ ಮಾಡುವ ಹಾಗೆ. ಬಾಗಿಲು ತೆರೆದು ಹೊರಗೆ ಹೋದಳು.

"ಹತ್ತು ನಿಮಿಷ ಬಿಡುವು ತಗೊಳ್ಳೋಣ," ಎಂದಳು ಟಿಸ್‌ಡೇಲ್. ಹಿಂದೆಯೇ ಓಡಿದಳು. ಸ್ವಲ್ಪ ಹೊತ್ತಿಗೆ ಒಬ್ಬಳೇ ಬಂದು ಕೂತಳು. ಗಾಡಿ ಹೊರಟುಹೋಯಿತು ಅಂದಳು.

ಹತ್ತು ನಿಮಿಷ ಇಪ್ಪತ್ತಾಯಿತು. ಗ್ರಾಂಥಮ್ ಗಡಿಯಾರ ನೋಡಿದರು. ನನ್ನನ್ನು ಯಾರೂ ಬೈಯಲಿಲ್ಲ. ಇವತ್ತಿನವರೆಗೂ ನನ್ನನ್ನು ಯಾರೂ ಕೆಲಸದಿಂದ ತೆಗೆದಿಲ್ಲ, ಒಂದು ದಿನದ ಸಂಬಳ ಹಿಡಿದಿಲ್ಲ. ಕಾನೂನು ಕೊಟ್ಟ ಮಾತು ಉಳಿಸಿಕೊಂಡಿದೆ. ಒಜೆಲಾ ಆ ಕೇಸಿಗೆ ಮತ್ತೆ ಬರಲಿಲ್ಲ. ಚರ್ಚಿನ ಬಾಗಿಲಿಗೂ ಬರಲಿಲ್ಲ. ಅವಳ ಮನೆಯ ಮೆಟ್ಟಿಲು ನಾನು ಈಗ ಹತ್ತುತ್ತೇನೆ. ಬಾಗಿಲು ತೆರೆಯುವುದಿಲ್ಲ. ಒಳಗೆ ನಲ್ಲಿಯ ನೀರು ಬೀಳುತ್ತಿರುವುದು ಕೇಳುತ್ತದೆ.

ಆದರೆ ಅವತ್ತು ಅದೆಲ್ಲ ಇನ್ನೂ ಆಗಿರಲಿಲ್ಲ. ಅವತ್ತು ನಾವು ಕಾಯುತ್ತ ಕೂತಿದ್ದೆವು. ಬೆರಳಚ್ಚಿನ ಹೆಂಗಸು ಬೆರಳುಗಳನ್ನು ಯಂತ್ರದ ಮೇಲೆ ಸಿದ್ಧವಾಗಿಟ್ಟುಕೊಂಡು ನನ್ನನ್ನು ಕೇಳಿದಳು:

"ಅವರು ಮತ್ತೆ ಬರ್ತಾರಾ?"

"ಬರಲ್ಲ," ಎಂದೆ. "ಅದನ್ನಾದರೂ ಬರೆದುಕೊಳ್ಳಿ."